ಆಕ್ಷೇಪಣೆ ಸಂಖ್ಯೆ ಮೂರಕ್ಕೆ ಉತ್ತರ

ಮಾನ್ಯ ಲೆಕ್ಕ ಪರಿಶೋಧಕರೇ,
ಸಹಕಾರಿ ಸಂಘದ ಸಮುದಾಯ ನಿಧಿಯಿಂದ
ಕಾವೂರಿನ ನಮ್ಮ ಮಹಿಳಾ ಮಂಡಲಕ್ಕೆ ಮಂಜೂರಾದ
ಹದಿನೆಂಟು ಸಾವಿರದ ಬಗ್ಗೆ
ಕೆಂಪು ಶಾಯಿಯಲ್ಲಿ ಕೇಳಿದ್ದೀರಿ:
ಪದವು ಹತ್ತಲು ಟಿಕೇಟಿಲ್ಲ, ಹೂವಿಗೆ ದರವಿಲ್ಲ,
ಗಾಳಿ ಯಾರ ಅಪ್ಪನದ್ದೂ ಅಲ್ಲ,
ಮತ್ತೆ ದುಡ್ಡು ಹೋದದ್ದೆಲ್ಲಿಗೆ?

ಬಸ್ಸಿಗೆ ನಾಲ್ಕು ಸಾವಿರ, ಅದಕ್ಕೆ ನಿಮ್ಮ ತಕರಾರಿಲ್ಲ.
ಗೋಳಿಬಜೆ, ಚಾ, ಒಂಬೈನೂರ ಅರವತ್ತು, ಒಪ್ಪಿದ್ದೀರಿ.
ಉಳಿದದ್ದು ನಾನು ಒಂದೇ ಸಾಲಿನಲ್ಲಿ ಬರೆದದ್ದು:
'ಒಂದು ದಿನದ ಪರಿಹಾರ, ತಲಾ ಐನೂರು, ಇಪ್ಪತ್ತಾರು ಮಂದಿಗೆ.'
ಪರಿಹಾರವೆಂದರೆ ನೆರೆಗೆ, ಬೆಂಕಿಗೆ, ಸಾವಿಗೆ;
ಸೋಣ ತಿಂಗಳ ಒಂದು ಹಗಲಿಗೆ
ಯಾವ ನಿಯಮದಡಿ, ಎಂದಿದ್ದೀರಿ.

ನಿಯಮ ನನಗೆ ಗೊತ್ತಿಲ್ಲ ಸ್ವಾಮಿ.
ಮೈಮುನಾಳ ಹಿತ್ತಿಲಿಂದ ಆ ಪದವು ಕಾಣುತ್ತದೆ,
ಗುರುಪುರ ಹೊಳೆಯಾಚೆ, ಮಳೆ ಹೊಳವಾದ ದಿನ ಇನ್ನೂ ಹತ್ತಿರ.
ಹತ್ತೊಂಬತ್ತು ವರ್ಷ ಕಂಡಿದೆ.
ಆದರೆ ಎಲೆ ನೆನೆಸಿಟ್ಟರೆ ಕತ್ತರಿಸಬೇಕು,
ಕತ್ತರಿಸಿದರೆ ಸುತ್ತಬೇಕು,
ಸುತ್ತಿದ್ದು ನಾಳೆ ಬ್ರಾಂಚಿಗೆ ಮುಟ್ಟಬೇಕು;
ತಡ್ಪೆಯ ಅಂಚಿನಿಂದ ಪದವಿನ ಅಂಚಿಗೆ
ಬಸ್ಸು ಹಿಡಿದರೆ ಮುಕ್ಕಾಲು ಗಂಟೆ,
ಹೋಗಿ ಬಂದರೆ ಎಂಟುನೂರು ಬೀಡಿ.

ಕಂಡಕ್ಟರ್ ದೇಜಪ್ಪನಿಗೆ ರಜೆ ಎಂದರೆ ಸಂಬಳವಿಲ್ಲದ ದಿನ.
ಮಗ ಹಗಲು ಬೆಳಕಲ್ಲಿ ಅಪ್ಪನನ್ನು ಕಂಡದ್ದು
ಫುಟ್‌ಬೋರ್ಡಿನ ಮೇಲೆ, ಅದೂ ಬಸ್ಸು ಹೊರಟಾಗ.
ಮುಳಿಹುಲ್ಲಿನ ನಡುವೆ ಮಕ್ಕಳು ಗುಂಪುಗಟ್ಟಿ ನಿಂತದ್ದು ಕಂಡು
ಅಭ್ಯಾಸಬಲದಿಂದ ಕೂಗಿದ: 'ದುಂಬು ಪೋಲೆ, ದುಂಬು ಪೋಲೆ!'
ಮುಂದೆ ಇದ್ದದ್ದು ಆಕಾಶ.
ಎಲ್ಲರೂ ಹೋದರು.

ಜವಳಿ ಅಂಗಡಿಯ ಲಿಫ್ಟಿನೊಳಗೆ ದಿನವಿಡೀ
ಮೇಲೆ ಕೆಳಗೆ ಹೋಗುವ ಸೆವ್ರಿನ್ ಪೊರ್ಬುಗಳು
ಕೈ ಎಲ್ಲಿಡಬೇಕೆಂದು ತಿಳಿಯದೆ
ಬಹಳ ಹೊತ್ತು ಟೋಪಿ ಹಿಡಿದೇ ನಿಂತಿದ್ದರು.

ಪಿಯುಸಿ ಬಿಟ್ಟು ಮೊಬೈಲ್ ಅಂಗಡಿ ಸೇರಿದ ಅಫ್ರಾ
ಮುರಕಲ್ಲಿನ ಮೇಲೆ ಕವುಚಿ ಮಲಗಿ
ಉಗುರಿನಷ್ಟು ಕೆಂಪು ಗಿಡವೊಂದು ನುಸಿ ಹಿಡಿದು
ಮೆಲ್ಲ ಮಡಚಿಕೊಳ್ಳುವುದನ್ನು ನೋಡಿದಳು,
ಹನಿ ಬಿದ್ದರೂ ಏಳದೆ.
'ಈ ಕಲ್ಲಲ್ಲಿ ಇದಕ್ಕೆ ಏನೂ ಸಿಗುವುದಿಲ್ಲ ಅಕ್ಕ,
ಅದಕ್ಕೇ ಮೈಯೆಲ್ಲ ಅಂಟು' ಎಂದಳು.
ಹೆಸರು ಕೇಳಿದಳು. ನನಗೆ ಬರಲಿಲ್ಲ.
ಹೆಸರು ಬಾರದ್ದಕ್ಕೆ ವೋಚರ್ ಮಾಡುವುದು ಹೇಗೆ?

ಇನ್ನು ರಶೀದಿ ಒಂಬತ್ತು: ಸಹಿ ಇಲ್ಲ, ಹೆಬ್ಬೆಟ್ಟೂ ಇಲ್ಲ.
ನಿಜ. ತಪ್ಪು ನನ್ನದೇ.
ಮೈಮುನಾ ನೀಲಿ ಹೂಗಳ ಬದಿಗೆ ಕೂತಿದ್ದಳು.
ಬೆರಳುಗಳು ತಮ್ಮಷ್ಟಕ್ಕೆ ಒಂದು ಕಾಡೆಲೆಯನ್ನು
ಸುತ್ತಿ, ತುದಿ ಮಡಚಿ, ನೂಲು ಹುಡುಕಿದವು.
ಸಿಗಲಿಲ್ಲ.
ಕೈ ಸಡಿಲಿಸಿದಳು; ಎಲೆ ನಿಧಾನಕ್ಕೆ ಬಿಚ್ಚಿಕೊಂಡಿತು.
ಆಮೇಲೆ ಬಿಸಿಲಿಗೆ ಕಾದ ಬಂಡೆಗೆ ಬೆನ್ನು ಕೊಟ್ಟು
ಹಗಲು ಹನ್ನೆರಡಕ್ಕೆ ನಿದ್ದೆಹೋದಳು.
ಬಾಯಿ ತುಸು ತೆರೆದಿತ್ತು.
ಟಿಟ್ಟಿಭ ತಲೆಮೇಲೆಯೇ ಕೂಗಿತು, ಏಳಲಿಲ್ಲ.
ಐನೂರರ ನೋಟನ್ನು ಅವಳ ಚಪ್ಪಲಿಯಡಿ ಇಟ್ಟು
ಹಾರದಂತೆ ಕಲ್ಲು ಹೇರಿ
ನಾನು ದೂರ ಹೋಗಿ ಕೂತೆ.

ಅರ್ಜಿಯ 'ಉದ್ದೇಶ'ದ ಕಾಲಮಿನಲ್ಲಿ
'ಪರಿಸರ ಜಾಗೃತಿ' ಎಂದು ತುಂಬಿಸಿದ್ದು
ನಿಮ್ಮ ಗುಮಾಸ್ತರು ಹೇಳಿದ್ದಕ್ಕೆ.
ಆ ಲೆಕ್ಕದಲ್ಲಿ
ಅವಳನ್ನು ಎಬ್ಬಿಸಬೇಕಿತ್ತೇ?

ಬಾಕಿ ನಲವತ್ತು ರೂಪಾಯಿ ಇದಕ್ಕೆ ಪಿನ್ ಮಾಡಿದ್ದೇನೆ.
ನೋಟಿನಂಚಿನ ಕೆಂಪು, ಮುರಮಣ್ಣು;
ಉಜ್ಜಿದೆ, ಹೋಗಲಿಲ್ಲ.
ಬರುವ ಸೋಣದ ಅರ್ಜಿ ನಮೂನೆ
ಯಾವಾಗ ಕೊಡುತ್ತೀರಿ, ತಿಳಿಸುವುದು.

ಇತಿ,
ವಾರಿಜಾ ಕುಲಾಲ್, ಕಾರ್ಯದರ್ಶಿ
(ಇಪ್ಪತ್ತಾರರಲ್ಲಿ ನಾನೂ ಒಬ್ಬಳು. ನನ್ನ ಸಹಿ ಇದೆ.)