ಬೆಲೆ ಕಟ್ಟುವವಳು

ಮೊದಲು ಬಂದದ್ದು ನಾಯಿ. ಆಮೇಲೆ ಗೆಥಿನ್,
ತೊಳೆದ ಕೈಯನ್ನು ಮತ್ತೆ ಪ್ಯಾಂಟಿಗೆ ಒರೆಸಿಕೊಂಡು ಚಾಚಿದ.
ಚಿಕ್ಕಮ್ಮ ಎಲಿನೆಡ್ ತೀರಿಕೊಂಡು ಏಳು ವಾರ.
ಟವಿ ಹೊಳೆಯ ಬದಿಯ ಇನ್ನೂರ ಹನ್ನೆರಡು ಎಕರೆ
ಅವಳ ಹೆಸರಿನಿಂದ ಇವನ ಹೆಸರಿಗೆ ನಡೆದು ಬರುವಾಗ
ನನ್ನ ಮೇಜಿನ ಮುಂದೆ ಸ್ವಲ್ಪ ಹೊತ್ತು ನಿಲ್ಲಬೇಕು.
ನಾನು ಬೆಲೆ ಕಟ್ಟುವವಳು.

ನಮ್ಮ ಕಸುಬಿಗೆ ಕಣ್ಣು ಸಾಲದು, ಪಕ್ಕದ ಹೊಲ ಬೇಕು.
ಅದು ಹೋದ ವರ್ಷ ಎಷ್ಟಕ್ಕೆ ಬಿಕರಿಯಾಯಿತೋ
ಅದೇ ನಮ್ಮ ಅಳತೆಗೋಲು.
ಕೊಂಡವನು ಲಂಡನ್ನಿನವನು.
ಹೊಲ ಇಟ್ಟುಕೊಂಡು ಸತ್ತರೆ ತೆರಿಗೆಯಿಲ್ಲ ಎಂದು
ಯಾರೋ ಊಟದ ಮೇಜಲ್ಲಿ ಹೇಳಿದ್ದಕ್ಕೆ ಕೊಂಡ.
ಒಮ್ಮೆ ಬಂದಿದ್ದನಂತೆ, ಬಿಳಿ ಬೂಟು ಹಾಕಿಕೊಂಡು.
ಗೇಟಿನ ಗಂಟು ಬಿಚ್ಚಲು ಬಾರದೆ
ಹಾಗೇ ತಿರುಗಿ ಹೋದನಂತೆ.
ಅವನನ್ನು ಹಿಡಿಯಲೆಂದೇ ಬಂತು ಹೊಸ ಕಾನೂನು.
ಅವನು ಕೊಟ್ಟ ಬೆಲೆಯನ್ನೇ ಕೋಲಾಗಿ ಹಿಡಿದು
ನಾನೀಗ ಅಳೆಯುತ್ತಿರುವುದು ಇವನನ್ನು.

ಕೊಟ್ಟಿಗೆ, ತಗಡಿನದು, ಬರೆದೆ.
ಸಗಣಿಯ ಗುಂಡಿ, ಬರೆದೆ.
ನೂರಾ ನಲವತ್ತು ಹಸು. ಎಣಿಸುವಾಗ ಎರಡು ಸಲ ತಪ್ಪಿತು,
ಸೆರೆನ್ ಎಂಬುದೊಂದು ಪಟ್ಟಿಯನ್ನೇ ನೆಕ್ಕಲು ಬಂತು.
ನಾಲ್ಕು ಗಂಟೆ. ಕೆಚ್ಚಲು ಕಟ್ಟಿಕೊಂಡು ಸಾಲಾಗಿ ನಿಂತಿದ್ದವು,
ನನ್ನ ಲೆಕ್ಕ ಮುಗಿಯಲೆಂದು ಕಾಯುವ ಜಾತಿಯಲ್ಲ ಅವು.

'ಇಪ್ಪತ್ತೇಳು ಲಕ್ಷ ಪೌಂಡೇ?' ಎಂದ ಗೆಥಿನ್.
'ಬರೆಯಿರಿ. ನನ್ನ ಬೂಟಿಗೂ ಹೇಳಿ, ಖುಷಿಪಡಲಿ.
ಲೀಟರಿಗೆ ನನಗೆ ಮಿಗುವುದು ಎರಡು ಪೆನ್ಸ್.
ಅದರಲ್ಲಿ ತೆರಿಗೆ ಕಟ್ಟಲೋ, ಹಸು ಕಟ್ಟಲೋ?'
'ಕಂತಿದೆ,' ಎಂದೆ. 'ಹತ್ತು ವರ್ಷ. ಬಡ್ಡಿಯಿಲ್ಲ.'
ಕಾನೂನಿನ ಕರುಣೆಯನ್ನು ವಿವರಿಸುವಾಗ
ಯಾಕೋ ನನ್ನ ದನಿ ನರ್ಸಿನ ದನಿಯಾಗುತ್ತದೆ.

ನರ್ಸು ಅಂದರೆ,
ಮೊನ್ನೆ ನನ್ನ ಅಣ್ಣ ಆಸ್ಪತ್ರೆಯ ಓಣಿಯಲ್ಲಿ
ಹನ್ನೊಂದು ಗಂಟೆ, ತಳ್ಳುಮಂಚದ ಮೇಲೆ.
ಹಾಸಿಗೆಯಿಲ್ಲ, ದುಡ್ಡಿಲ್ಲ ಅಂದರು.
ಎಲ್ಲಿಂದಾದರೂ ಬರಬೇಕಲ್ಲ ದುಡ್ಡು.
ಇದನ್ನು ಗೆಥಿನ್‌ಗೆ ಹೇಳಲಿಲ್ಲ. ಹೇಳುವುದೇನು,
ಎಲಿನೆಡ್ ತೀರಿಕೊಂಡದ್ದು ಅದೇ ಓಣಿಯಲ್ಲಿ.

ಆಳುವವರಿಗೆ ನಿದ್ದೆಯಲ್ಲಿ ಬೆಚ್ಚಿಬೀಳುವ ಭಯ ಒಂದೇ:
ಜನ ಅಂಗಡಿಯ ಬಾಗಿಲಲ್ಲಿ ನಿಂತು
ಬಿಲ್ಲನ್ನು ಮೇಲಿನಿಂದ ಕೆಳಗೆ ಎರಡು ಸಲ ಓದುವುದು.
ಅದಕ್ಕೇ ಯಾವ ಪಕ್ಷ ಬಂದರೂ
ಅಗ್ಗವೆಂಬ ಹಸುವನ್ನು ಗೂಟದಿಂದ ಬಿಚ್ಚುವುದಿಲ್ಲ.
ಹಾಲು ಬರುತ್ತಿದೆ, ಸಾಕು.
ಅದು ಯಾರ ಹಿತ್ತಿಲು ಮೇಯುತ್ತಿದೆ ಎಂದು
ಕೇಳಿದವರು ಚುನಾವಣೆಯಲ್ಲಿ ಸೋಲುತ್ತಾರೆ.

ಕಳೆದ ತಿಂಗಳು ಟ್ರಾಕ್ಟರುಗಳು ರಾಜಧಾನಿಗೆ ಹೋಗಿದ್ದವು.
ಗೆಥಿನ್ ಹೋಗಲಿಲ್ಲ, ಹಾಲು ಕರೆಯುವವರಿಲ್ಲ.
ಟೀವಿ ನೋಡಿ ಅವನ ಮಗಳು ಮಬ್ಲಿ ಅಂದಳಂತೆ:
'ಅಪ್ಪಾ, ಅವೆಲ್ಲ ಎಷ್ಟು ಹೊಸ ಟ್ರಾಕ್ಟರು!'
ಹೇಳಿ ತಾನೇ ನಕ್ಕ. ನಾನೂ ನಕ್ಕೆ.
ನಗುವಿಗೆ ನನ್ನ ನಮೂನೆಯಲ್ಲಿ ಕಾಲಂ ಇಲ್ಲ.

ಹೊರಡುವಾಗ ಗೇಟು.
ನೀಲಿ ಹುರಿಯಿಂದ ಬಿಗಿದಿದ್ದರು.
ನಾನು ರೈತನ ಮೊಮ್ಮಗಳು, ಆದರೂ ಬೆರಳು ಸೋತವು.
ಮಬ್ಲಿ ಓಡಿಬಂದಳು, ಸ್ಕೂಲಿನ ಕೋಟಿನಲ್ಲೇ,
ಒಂದೇ ಎಳೆತಕ್ಕೆ ಬಿಚ್ಚಿದಳು.
ಕಾರು ದಾಟಿದ ಮೇಲೆ ಕನ್ನಡಿಯಲ್ಲಿ ಕಂಡಿತು,
ಮತ್ತೆ ಕಟ್ಟುತ್ತಿದ್ದಳು,
ಮಂಡಿಯಿಂದ ಗೇಟನ್ನು ಒತ್ತಿಹಿಡಿದು.

ಕಾರ್ಮಾರ್ದನ್ನಿನ ಸೂಪರ್ ಮಾರ್ಕೆಟ್ಟು, ಆರೂವರೆ.
ಒಂದು ಹಾಲಿನ ಡಬ್ಬಿಯ ಮೇಲೆ
ನಗುವ ರೈತನ ಚಿತ್ರ, ಮೂವತ್ತು ಪೆನ್ಸ್ ಜಾಸ್ತಿ.
ಪಕ್ಕದ್ದರ ಮೇಲೆ ಯಾರೂ ಇಲ್ಲ.
ಸೋಡಾ ನೀರಿಗಿಂತ ಅಗ್ಗ.

ಬಿಲ್ಲನ್ನು ಬಾಗಿಲಲ್ಲಿ ನಿಂತು ಓದಿದೆ. ಸರಿಯಾಗೇ ಇತ್ತು.
ಬೆರಳಿಗೆ ಇನ್ನೂ ಹುರಿಯ ನೀಲಿ ಎಳೆಯೊಂದು ಅಂಟಿತ್ತು.