ಏಳನೇ ಕಲಮು

ಶಿಡ್ಲಘಟ್ಟದ ತಾಲ್ಲೂಕು ಕಚೇರಿ ಕಾಂಪೌಂಡಿಗೆ ಒರಗಿ
ಇಪ್ಪತ್ತಾರು ವರ್ಷದಿಂದ ಹೊಡೆಯುತ್ತಿದ್ದೇನೆ
ಕ್ರಯ, ಭೋಗ್ಯ, ಪಾಲುಪಟ್ಟಿ,
ತಪ್ಪಿದಲ್ಲಿ, ತಪ್ಪಿದಲ್ಲಿ, ತಪ್ಪಿದಲ್ಲಿ.
ಹೊಡೆದೂ ಹೊಡೆದೂ ಟೈಪ್‌ರೈಟರಿನಲ್ಲಿ
ಪಕಾರದ ಒತ್ತು ಸವೆದೇ ಹೋಗಿದೆ.
ಕಾಗದದ ಮೇಲೆ ತಪಿದಲ್ಲಿ ಎಂದು ಬೀಳುತ್ತದೆ,
ಒತ್ತನ್ನು ನಾನು ಪೆನ್ನಿನಲ್ಲಿ ಕೊಡುತ್ತೇನೆ.

ಅವತ್ತು ಫಿಲೇಚರಿನ ಹತ್ತೊಂಬತ್ತು ಹೆಂಗಸರು
ಪಾಳಿ ಮುಗಿಸಿ ಬಂದರು, ಸೆರಗಿಗೆ ಬೆಂದ ಗೂಡಿನ ವಾಸನೆ.
ತಿಂಗಳಿಗೆ ಐನೂರು, ಹತ್ತನೇ ತಾರೀಕು,
ಸರದಿ ಮೇಲೆ ಸಾಲ.
ಆರು ಕಲಮು ಸಲೀಸಾಗಿ ಇಳಿದವು.
ಏಳನೆಯದಕ್ಕೆ ಎರಡು ಸಲ ಟೀ ತರಿಸಬೇಕಾಯಿತು.

ಬಡ್ಡಿ ಅಂತ ಬರೀಬೇಡಿ, ನಮ್ಮಲ್ಲಿ ಆಗಲ್ಲ, ಎಂದಳು ಖುರ್ಷಿದಾ.
ಸರಿ, ದಂಡ ಎಂದೆ.
ದಂಡ ಅಂದ್ರೆ ವೇಸ್ಟು ಅಲ್ವಾ ಸಾರ್, ನಕ್ಕಳೊಬ್ಬಳು.
ತಪ್ಪುಕಾಣಿಕೆ ಅನ್ನಿ, ಎಂದಳು ಗಂಗುಲಮ್ಮ,
ದೇವರ ಹುಂಡಿಗೆ ಹಾಕಲ್ವಾ, ಹಾಗೆ.
ಕಾನೂನಿಗೆ ದೇವರ ಗುರುತಿಲ್ಲಮ್ಮ ಎಂದು
ದಿನಕ್ಕೆ ಹತ್ತು ರೂಪಾಯಿ ದಂಡ ಎಂದೇ ಹೊಡೆದೆ.
ಆ ದುಡ್ಡು ಬೇರೆ ಡಬ್ಬಿಗೆ, ಸುಟ್ಟ ಕೈಯ ಮುಲಾಮಿಗೆ.
ಮೂರು ತಿಂಗಳು ತಪ್ಪಿದಲ್ಲಿ ಹೆಸರು ತೆಗೆಯತಕ್ಕದ್ದು:
ಇದನ್ನು ಪಟ್ಟು ಹಿಡಿದು ಬರೆಸಿದವಳು ಪಿಳ್ಳಮ್ಮ.
ಕನಿಕರಕ್ಕೆ ಕಲಮು ಬೇಡ ಸಾಮಿ, ಅದು ಹೆಂಗೂ ಬರ್ತದೆ.

ಹೆಬ್ಬೆಟ್ಟು ಒತ್ತಿಸಿದೆ.
ಕುದಿನೀರಲ್ಲಿ ಎಳೆಯ ತುದಿ ತಡಕಿ ತಡಕಿ
ಗೆರೆಗಳೆಲ್ಲ ಕರಗಿದ ಬೆರಳು.
ಹತ್ತೊಂಬತ್ತರಲ್ಲಿ ಹನ್ನೊಂದು
ಬರೀ ನೀಲಿ ಬೊಟ್ಟು.
ಯಾವುದು ಯಾರದೆಂದು ಯಾವ ಕೋರ್ಟೂ ಹೇಳಲಾರದು.
ನಾನು ಬಾಯಿ ಮುಚ್ಚಿಕೊಂಡು
ಪಕ್ಕದಲ್ಲಿ ಹೆಸರು ಬರೆದೆ.

ಮರುವರ್ಷ, ಚಳಿಗಾಲ. ಪಿಳ್ಳಮ್ಮ ಒಬ್ಬಳೇ ಬಂದಳು.
ಬರೋ ತಿಂಗಳು ತಪ್ಪುತ್ತೆ.
ಜಿಲ್ಲಾಸ್ಪತ್ರೇಲಿ ಗರ್ಭಕೋಶ ತೆಗೀತಾರೆ.
ಹದಿನೈದು ದಿನ ತಡ, ನೂರೈವತ್ತು ದಂಡ, ಈಗಲೇ ತಗೊಳ್ಳಿ.
ಡಬ್ಬಿಯವರು ಮುಟ್ಟೋದಿಲ್ಲ ಅಂತಾರೆ.
ಮುಟ್ಟಬಹುದು ಅಂತ ಒಂದು ಸಾಲು ಬರ್ಕೊಡಿ.

ತಪ್ಪು ಇನ್ನೂ ಆಗಿಲ್ಲವಲ್ಲ, ಎಂದೆ.
ಆಗೋದು ಗೊತ್ತಲ್ಲ, ಎಂದಳು.

ಹುಡುಕಿದೆ. ತಪ್ಪುವಲ್ಲಿ? ತಪ್ಪಲಿರುವಲ್ಲಿ?
ನನ್ನ ಕಸುಬಿನ ಕನ್ನಡದಲ್ಲಿ ತಪ್ಪು
ಯಾವಾಗಲೂ ಆಗಿಹೋದದ್ದೇ.
ಬರುವ ತಪ್ಪಿಗೆ ಮೊದಲೇ ಎದ್ದು ನಿಂತವಳಿಗೆ
ನನ್ನ ಬಳಿ ಒಂದು ಪ್ರತ್ಯಯವೂ ಇರಲಿಲ್ಲ.
ಅವಳು ನೋಟುಗಳನ್ನು ಸ್ಟಾಂಪ್ ಪ್ಯಾಡಿನ ಕೆಳಗೆ ತುರುಕಿ
ಬಸ್ಸಿಗೆ ಹೊತ್ತಾಯಿತೆಂದು ಹೋದಳು.

ತಿಂಗಳ ಕೊನೆಗೆ ಲೆಕ್ಕದ ಪುಸ್ತಕ ನನ್ನ ಕಣ್ಣಿಗೆ ಬರುತ್ತದೆ.
ಹತ್ತನೇ ತಾರೀಕು. ಪಿಳ್ಳಮ್ಮ. ಐನೂರು. ಸಂದಿದೆ.
ಕಟ್ಟಿದವರ ಗುರುತು:
ಒಂದು ನೀಲಿ ಬೊಟ್ಟು.

ಹೊಲಿಗೆ ಮಾಗುವ ಮೊದಲೇ ಬಂದು
ಪುಸ್ತಕವನ್ನು ಬೆಳಕಿಗೆ ಹಿಡಿದಳು, ಓರೆಯಾಗಿಸಿದಳು,
ಉಗುರಿಂದ ಕೆರೆದಳು.
ಯಾರು?
ಖುರ್ಷಿದಾ ಟೀ ಊದಿಕೊಂಡಳು. ಗಂಗುಲಮ್ಮ ರಸ್ತೆ ನೋಡಿದಳು.
ಎಂಟನೇ ಕಲಮು ಬರ್ಕೊಳ್ಳಿ, ಎಂದಳು ಪಿಳ್ಳಮ್ಮ, ಗಂಟಲು ಕಟ್ಟಿ.
ಇನ್ನೊಬ್ಬಳ ಕಂತು ಗುಟ್ಟಾಗಿ ಕಟ್ಟಿದಲ್ಲಿ
ದಿನಕ್ಕೆ ಇಪ್ಪತ್ತು.

ಹಾಳೆ ಸಿಕ್ಕಿಸಿ ಹೊಡೆದೆ.
ಕಟ್ಟಿದಲ್ಲಿ.
ಟಕಾರದ ಒತ್ತು ಅಷ್ಟಾಗಿ ಸವೆದಿರಲಿಲ್ಲ,
ತಾನಾಗಿ ಬಿತ್ತು.