ಕಪ್ಪು ಮಾರ್ಕರ್

ಕುವೈತ್, ಶುವೈಖ್ ಬಂದರಿನ ಗೋದಾಮು.
ಲಂಡನ್ನಿನ ಪತ್ರಿಕೆಗಳ ಕಟ್ಟು ಬಿಚ್ಚಿ
ಹೆಂಗಸರಿಗೆ ಬಟ್ಟೆ ತೊಡಿಸುವುದು ನನ್ನ ಕೆಲಸ.

ಡಿಲಿಯಾ ಹಾರ್ಕಮ್ ಮೊದಲು ಬಂದದ್ದು ಎಪ್ಪತ್ತೆಂಟರಲ್ಲಿ,
ಹೆಗಲು ಪೂರಾ ಬಯಲು.
ಪ್ರತಿಗೆರಡು ಗೀಟು, ನಾನೂರು ಪ್ರತಿ.
ಸಂಜೆ ನನ್ನ ಬೆರಳು ನೋಡಿ ಹಮ್ಮಬ್ಬ ನಕ್ಕ:
"ಹೆಂಡತಿಗೂ ಇಷ್ಟು ಬಟ್ಟೆ ಕೊಡಿಸಿಲ್ಲವಲ್ಲ ಮಾರಾಯ!"

ಮದುವೆ, ಮೊಣಕಾಲು, ಬಹುಮಾನ, ಬೆನ್ನು,
ವಿಚ್ಛೇದನ. ಆ ವರ್ಷ ಮಾರ್ಕರ್ ಸಾಲಲಿಲ್ಲ.
ಯುದ್ಧದ ವರ್ಷ ಅವಳೂ ಬರಲಿಲ್ಲ, ನಾನೂ ಇರಲಿಲ್ಲ.
ಆಮೇಲೆ ತಾಯಿಯ ಪಾತ್ರ, ತುಂಬುತೋಳು.
ಮಸಿ ಉಳಿಯತೊಡಗಿತು.

ಒಂದು ಸಿನಿಮಾವನ್ನೂ ನೋಡಿಲ್ಲ. ದನಿ ಹೇಗಿತ್ತೋ.

ಇವತ್ತು ಹಿಂದಿನ ಪುಟದಲ್ಲಿ, ಅಂಗೈಯಗಲ:
ಉಣ್ಣೆಯ ಕೋಟು, ಕೆಳಗೆ ಎರಡು ಇಸವಿ.
ಮುಚ್ಚಲು ಏನಿಲ್ಲ.
ಕತ್ತಿನ ಬಳಿ ಒಂದು ಗುಂಡಿ ಮಾತ್ರ ಬಿದ್ದುಹೋಗಿತ್ತು.
ಅವರ ಊರಲ್ಲಿ ಬಹಳ ಚಳಿಯಂತೆ.

ಒಂದು ಚುಕ್ಕೆ ಇಟ್ಟೆ.